ಕಾರಿನಲ್ಲಿ ಮಗುವನ್ನು ಕೂರಿಸುವುದು ಹೇಗೆ: ಹೆರಿಗೆ ಆಸ್ಪತ್ರೆಯಿಂದ ಹೈಸ್ಕೂಲಿನವರೆಗೆ

ಶನಿವಾರ ಬೆಳಗ್ಗೆ ಕ್ಯಾತ್ಸಂದ್ರದ ಟೋಲ್ ಹತ್ತಿರ ಹತ್ತು ನಿಮಿಷ ನಿಂತು ಕಾರುಗಳ ಒಳಗೆ ಕಣ್ಣು ಹಾಯಿಸಿ. ಮುಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಕೂಸು, ಹಿಂದಿನ ಸೀಟಿನಲ್ಲಿ ಎರಡು ಸೀಟುಗಳ ಸಂದಿಯಿಂದ ಮುಂದಕ್ಕೆ ಬಗ್ಗಿ ನಿಂತ ನಾಲ್ಕು ವರ್ಷದವನು, ಅಜ್ಜಿಯ ಮಡಿಲಲ್ಲಿ ನಿದ್ದೆ ಹೋದ ಇನ್ನೊಂದು. ಮಾತಾಡಿಸಿದರೆ ಎಲ್ಲರೂ ಮಕ್ಕಳ ಮೇಲೆ ಜೀವ ಇಟ್ಟುಕೊಂಡವರೇ. ತುಮಕೂರಿನಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರು, ಕೋಲಾರದಿಂದಲೂ ಹೆಚ್ಚುಕಡಿಮೆ ಅಷ್ಟೇ, ಚಿಕ್ಕಬಳ್ಳಾಪುರದಿಂದ ಇನ್ನೂ ಹತ್ತಿರ. ದಾರಿ ಸಣ್ಣದು, ರಸ್ತೆ ಚೆನ್ನಾಗಿದೆ ಅನ್ನುವ ಧೈರ್ಯ. ರಸ್ತೆ ಚೆನ್ನಾಗಿರುವುದರಿಂದಲೇ ಗಾಡಿ ತೊಂಬತ್ತು, ನೂರರಲ್ಲಿ ಓಡುತ್ತದೆ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗುದ್ದುವುದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬೀಳುವುದಕ್ಕೆ ಸಮ. ವೇಗ ಎರಡರಷ್ಟಾದರೆ ಎತ್ತರ ನಾಲ್ಕರಷ್ಟು: 100ರಲ್ಲಿ ಅದು 40 ಮೀಟರ್ ಸಮೀಪಿಸುತ್ತದೆ. 50ರಲ್ಲಿ ಓಡುವ ಕಾರು ಗುದ್ದಿ ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತಾಗ, ತೊಡೆಯ ಮೇಲಿರುವ ಹತ್ತು ಕಿಲೋ ಮಗುವನ್ನು ಹಿಡಿದು ನಿಲ್ಲಿಸಲು ನೂರೈವತ್ತು, ಇನ್ನೂರು ಕಿಲೋ ತಡೆಯುವ ಕೈ ಬೇಕು. ಅಂಥ ಕೈ ಯಾರಿಗೂ ಇಲ್ಲ. ಹಿಡಿದವರು ಬೆಲ್ಟ್ ಹಾಕಿಲ್ಲದಿದ್ದರೆ ಅವರ ಮೈಭಾರವೂ ಮಗುವಿನ ಮೇಲೆಯೇ ಬೀಳುತ್ತದೆ.

ಕಾನೂನಿನ ಮಾತು ಇಲ್ಲೇ ಮುಗಿಸುತ್ತೇನೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 194ಬಿ ಕಲಂ ಬಂದಿದೆ. 14 ವರ್ಷ ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ. ದಂಡಕ್ಕೆ ಹೆದರಿ ಯಾರೂ ಸೀಟು ಕೊಳ್ಳುವುದಿಲ್ಲ, ಅದು ನನಗೂ ಗೊತ್ತು.

ಮುಂದೆ ಓದುವ ಮುಂಚೆ ಒಂದು ಸಂಗತಿ ತಲೆಯಲ್ಲಿರಲಿ. ಮಗು ಬೆಳೆದಂತೆ ಸೀಟು ನಾಲ್ಕು ಹಂತ ದಾಟುತ್ತದೆ: ಹಿಂದಕ್ಕೆ ಮುಖ ಮಾಡಿದ ಸೀಟು, ಮುಂದಕ್ಕೆ ಮುಖ ಮಾಡಿದ ಸೀಟು, ಬೂಸ್ಟರ್ (ಕಾರಿನ ಬೆಲ್ಟ್ ಸರಿಯಾಗಿ ಬರುವಂತೆ ಮಗುವನ್ನು ಎತ್ತರಿಸಿ ಕೂರಿಸುವ ಆಸನ), ಕೊನೆಗೆ ಬರೀ ಕಾರಿನ ಬೆಲ್ಟ್. ಒಂದೊಂದು ಹಂತ ದಾಟಿದಾಗಲೂ ಮಗುವಿಗಿದ್ದ ರಕ್ಷಣೆ ಸ್ವಲ್ಪ ಕಡಿಮೆಯಾಗುತ್ತದೆ. ನಮ್ಮ ಮನೆಗಳಲ್ಲಿ ಮಾತ್ರ ಇದು ಬಡ್ತಿ ಸಿಕ್ಕಂತೆ, ‘ನಮ್ಮ ಪುಟ್ಟ ಆಗಲೇ ಬೆಲ್ಟ್ ಹಾಕ್ಕೊಂಡು ಕೂತ್ಕೋತಾನೆ’ ಅನ್ನುವ ಹೆಮ್ಮೆ. ಈ ಒಂದು ವಿಷಯದಲ್ಲಿ ಹಿಂದುಳಿದಷ್ಟೂ ಒಳ್ಳೆಯದು.

ಮೊದಲು ಅಳತೆ, ಆಮೇಲೆ ಅಂಗಡಿ

ಅಂಗಡಿಯವರು ಮೊದಲು ಕೇಳುವುದು ಮಗುವಿನ ವಯಸ್ಸು. ನೀವು ಹೇಳಬೇಕಾದ್ದು ತೂಕ ಮತ್ತು ಎತ್ತರ. ಒಂದೇ ಓಣಿಯ ಎರಡು ವರ್ಷದ ಇಬ್ಬರು ಮಕ್ಕಳಲ್ಲಿ ಒಬ್ಬನು ಹತ್ತು ಕಿಲೋ, ಇನ್ನೊಬ್ಬಳು ಹದಿಮೂರು ಕಿಲೋ ಇರಬಹುದು. ತೂಕ ಹುಡುಕಲು ಎಲ್ಲೂ ಹೋಗಬೇಕಿಲ್ಲ, ಅಂಗನವಾಡಿಯಲ್ಲೋ ಲಸಿಕೆಯ ದಿನವೋ ತೂಗಿ ತಾಯಿ ಕಾರ್ಡಿನಲ್ಲಿ ಬರೆದಿರುತ್ತಾರೆ. ಎತ್ತರಕ್ಕೆ ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಹಿಡಿದು ಪೆನ್ಸಿಲ್ ಗೆರೆ ಎಳೆಯಿರಿ. ಕೂಸಾದರೆ ಚಾಪೆಯ ಮೇಲೆ ಮಲಗಿಸಿ ಟೇಪು ಹಿಡಿಯಿರಿ. ಮೂರು ತಿಂಗಳಿಗೊಮ್ಮೆ ಇದನ್ನು ಮತ್ತೆ ಮಾಡಿ. ಸೀಟು ಕೊಂಡು ಒಮ್ಮೆ ಕಟ್ಟಿಸಿ ಕೈತೊಳೆದುಕೊಂಡರೆ ಆರು ತಿಂಗಳಲ್ಲಿ ಸೀಟಿನ ಭುಜದ ಪಟ್ಟಿಯ ಎತ್ತರ ತಪ್ಪಿರುತ್ತದೆ.

ಇನ್ನು ಕಾರು. ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಕೈ ಹಾಕಿ. ಬೆರಳಿಗಿಂತ ಸಣ್ಣದಾದ ಎರಡು ಉಕ್ಕಿನ ಸರಳುಗಳು ಸುಮಾರು ಒಂದು ಗೇಣಿಗಿಂತ ಹೆಚ್ಚು, 28 ಸೆಂಟಿಮೀಟರ್ ಅಂತರದಲ್ಲಿ ಸಿಕ್ಕರೆ ನಿಮ್ಮ ಕಾರಿಗೆ ಐಸೋಫಿಕ್ಸ್, ಅಂದರೆ ಬೆಲ್ಟಿಲ್ಲದೆ ಮಕ್ಕಳ ಸೀಟನ್ನು ನೇರವಾಗಿ ಕಾರಿಗೇ ಕಚ್ಚಿಸುವ ಏರ್ಪಾಡು ಇದೆ. ಸೀಟಿನ ಮೇಲೆ ಸಣ್ಣ ಬಟ್ಟೆಯ ಚೀಟಿಯೋ ಪ್ಲಾಸ್ಟಿಕ್ ಗುರುತೋ ಇರುತ್ತದೆ. ಇತ್ತೀಚಿನ ಬಹುತೇಕ ಕಾರುಗಳಲ್ಲಿ ಇದೆ, ಹಳೆಯವುಗಳಲ್ಲಿ ಅನೇಕಕ್ಕೆ ಇಲ್ಲ. ಇಲ್ಲದಿದ್ದರೆ ಗಾಬರಿ ಬೇಡ, ಬೆಲ್ಟಿನಿಂದಲೇ ಭದ್ರವಾಗಿ ಕಟ್ಟುವ ಸೀಟುಗಳಿವೆ. ಸರಿಯಾಗಿ ಬಿಗಿದ ಬೆಲ್ಟಿನ ಸೀಟು ಒಳ್ಳೆಯ ಸೀಟೇ. ಐಸೋಫಿಕ್ಸಿನ ಲಾಭ ಏನೆಂದರೆ ತಪ್ಪು ಮಾಡುವುದು ಕಷ್ಟ.

ಬೆಲ್ಟನ್ನೂ ನೋಡಿಕೊಳ್ಳಿ. ಸೊಂಟದ ಮೇಲೂ ಭುಜದ ಮೇಲೂ ಬರುವ ಮೂರು ಕಡೆಯ ಬೆಲ್ಟ್ ಇರುವ ಜಾಗದಲ್ಲೇ ಮಗುವಿನ ಸೀಟು. ಹಳೆಯ ಕಾರುಗಳಲ್ಲಿ ಹಿಂದಿನ ನಡುವಣ ಜಾಗಕ್ಕೆ ಸೊಂಟದ ಪಟ್ಟಿ ಮಾತ್ರ ಇರುತ್ತದೆ, ಅದಕ್ಕೆ ಹೆಚ್ಚಿನ ಸೀಟುಗಳು ಒಗ್ಗುವುದಿಲ್ಲ. ನಡುವೆ ಮೂರು ಕಡೆಯ ಬೆಲ್ಟ್ ಇದ್ದು ಜಾಗ ಸಮತಟ್ಟಾಗಿದ್ದರೆ ಅದು ಪಕ್ಕದಿಂದ ಬರುವ ಪೆಟ್ಟಿಗೆ ಅತಿ ದೂರದ ಸ್ಥಳ. ಇಲ್ಲವಾದರೆ ಹಿಂದಿನ ಎಡಗಡೆ ಆರಿಸಿ. ನಾವು ರಸ್ತೆಯ ಎಡಕ್ಕೆ ಓಡಿಸುವವರು, ಎಡಬಾಗಿಲಿನಿಂದ ಇಳಿಸಿದರೆ ಮಗು ಬಿ.ಎಚ್. ರಸ್ತೆಯ ಗಾಡಿಗಳ ನಡುವೆ ಇಳಿಯುವುದಿಲ್ಲ, ಫುಟ್‌ಪಾತ್ ಕಡೆಗೆ ಇಳಿಯುತ್ತದೆ. ಹಳೆಯ ಜೀಪಿನಂಥ ಗಾಡಿಗಳ ಹಿಂಭಾಗದಲ್ಲಿ ಎದುರುಬದುರು ಕೂರುವ ಅಡ್ಡ ಸೀಟುಗಳಿರುತ್ತವಲ್ಲ, ಅವುಗಳ ಮೇಲೆ ಯಾವ ಮಕ್ಕಳ ಸೀಟನ್ನೂ ಕಟ್ಟುವಂತಿಲ್ಲ.

ಮುಂದಿನ ಸೀಟಿನ ಮಾತು ಒಂದೇ: ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿದ ಮಗುವಿನ ಸೀಟನ್ನು ಎಂದೂ ಇಡಬೇಡಿ. ಏರ್‌ಬ್ಯಾಗ್ ಸಿಡಿದಾಗ ಅದು ಮಗುವಿನ ತಲೆಯ ಹಿಂದಿರುವ ಸೀಟಿನ ಗಟ್ಟಿ ಚಿಪ್ಪಿಗೆ ಅಪ್ಪಳಿಸುತ್ತದೆ. ಮಗು ಸಾಯಬಹುದು. ಹನ್ನೆರಡು, ಹದಿಮೂರು ವರ್ಷದವರೆಗೂ ಮಕ್ಕಳ ಜಾಗ ಹಿಂದೆಯೇ.

ಕೊಳ್ಳುವಾಗ ಚೀಟಿ ಓದಿ

ಬಣ್ಣ, ಮೆತ್ತೆ, ಕಪ್ ಇಡುವ ಜಾಗ, 360 ಡಿಗ್ರಿ ತಿರುಗುವುದು, ಇವೆಲ್ಲ ಆಮೇಲೆ. ಮೊದಲು ಸೀಟಿನ ಬೆನ್ನಿಗೋ ಅಡಿಗೋ ಅಂಟಿಸಿದ ಕಿತ್ತಳೆ ಬಣ್ಣದ ಚೀಟಿ ಹುಡುಕಿ. ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಆ ಅಂಕಿ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ದೇಶದ ಗುರುತು. ಚೀಟಿಯ ಮೇಲೆ ಆರ್44/04 (ಮಕ್ಕಳ ಸೀಟಿಗೆ ವಿಶ್ವಸಂಸ್ಥೆಯ ಹಳೆಯ ನಿಯಮ) ಎಂದಿದ್ದರೆ ಸೀಟು ತೂಕದ ಲೆಕ್ಕದ್ದು. ಆರ್129 ಅಥವಾ ಐ-ಸೈಜ್ ಎಂದಿದ್ದರೆ ಎತ್ತರದ ಲೆಕ್ಕದ್ದು, ಹೊಸ ನಿಯಮ, ಪಕ್ಕದಿಂದ ಬರುವ ಪೆಟ್ಟಿನ ಪರೀಕ್ಷೆಯೂ ಇದರಲ್ಲಿದೆ. ಹಳೆಯದರಲ್ಲಿ ಅದಿಲ್ಲ. ಭಾರತದ ಮಾನದಂಡ ಎಐಎಸ್-072. ಇವುಗಳಲ್ಲಿ ಒಂದೂ ಕಾಣದ ಸೀಟು ಎಷ್ಟೇ ಅಗ್ಗವಾಗಿದ್ದರೂ ಬೇಡ. ಆನ್‌ಲೈನಿನಲ್ಲಿ ಎಂಟುನೂರು, ಸಾವಿರ ರೂಪಾಯಿಗೆ ಸಿಗುವ, ಬಟ್ಟೆಯ ಮೆತ್ತೆಗೆ ನಾಲ್ಕು ಪಟ್ಟಿ ಹೊಲಿದ ‘ಕಾರ್ ಸೀಟ್’ ಇವೆಯಲ್ಲ, ಅವು ಮಗು ಅಲ್ಲಾಡದಂತೆ ಹಿಡಿಯುತ್ತವೆ, ಅಪಘಾತದಲ್ಲಿ ಏನೂ ಹಿಡಿಯುವುದಿಲ್ಲ.

ಆರ್44ರ ಗುಂಪುಗಳು ಹೀಗಿವೆ: 0+ ಎಂದರೆ 13 ಕಿಲೋವರೆಗೆ, 1 ಎಂದರೆ 9ರಿಂದ 18, 2 ಎಂದರೆ 15ರಿಂದ 25, 3 ಎಂದರೆ 22ರಿಂದ 36. ಒಂದೇ ಸೀಟು 0+ ಮತ್ತು 1 ಎರಡಕ್ಕೂ ಆಗುವುದುಂಟು, ಅದನ್ನು ಕನ್ವರ್ಟಿಬಲ್ ಅನ್ನುತ್ತಾರೆ. ಮಧ್ಯಮ ವರ್ಗದ ಮನೆಗೆ ನಾನು ಹೇಳುವುದು ಇದನ್ನೇ: ಹುಟ್ಟಿನಿಂದ 18 ಕಿಲೋವರೆಗೆ ಒಂದು, ಆಮೇಲೆ ಬೆನ್ನಿರುವ ಬೂಸ್ಟರ್ ಒಂದು. ಎರಡೇ ಖರೀದಿಯಲ್ಲಿ ಬಾಲ್ಯ ಮುಗಿಯುತ್ತದೆ. ಹುಟ್ಟಿನಿಂದ ಹನ್ನೆರಡು ವರ್ಷದವರೆಗೂ ಒಂದೇ ಸೀಟು ಎನ್ನುವವು ಆಕರ್ಷಕ, ಆದರೆ ಎಲ್ಲಕ್ಕೂ ಒಗ್ಗಲು ಹೋಗಿ ಯಾವುದಾದರೂ ಒಂದು ವಯಸ್ಸಿಗೆ, ಸಾಮಾನ್ಯವಾಗಿ ಹಸುಗೂಸಿಗೆ, ಸರಿಯಾಗಿ ಕೂರುವುದಿಲ್ಲ. ಕೊಳ್ಳುವುದಾದರೆ ಕೂಸನ್ನು ಕೂರಿಸಿ ನೋಡಿಯೇ ಕೊಳ್ಳಿ.

ಸಾಧ್ಯವಾದರೆ ಕಾರನ್ನು ಅಂಗಡಿಯ ಬಾಗಿಲಿಗೇ ಒಯ್ದು ಸೀಟು ಇಟ್ಟು ನೋಡಿ. ಚಿಕ್ಕ ಹ್ಯಾಚ್‌ಬ್ಯಾಕ್‌ನಲ್ಲಿ ಹಿಂದಕ್ಕೆ ಮುಖ ಮಾಡಿದ ಸೀಟು ಇಟ್ಟರೆ ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ಸರಿಸಬೇಕಾಗುತ್ತದೆ ಅನ್ನುವುದು ಫೋಟೋ ನೋಡಿ ಗೊತ್ತಾಗುವುದಿಲ್ಲ. ಆರಡಿ ಎತ್ತರದ ಅಪ್ಪ ಮಂಡಿಯನ್ನು ಡ್ಯಾಶ್‌ಬೋರ್ಡಿಗೆ ತಾಗಿಸಿಕೊಂಡು ಮಧುಗಿರಿಯವರೆಗೆ ಕೂರಬೇಕಾದರೆ ಮೂರನೇ ಪ್ರಯಾಣಕ್ಕೆ ಸೀಟು ಅಟ್ಟ ಸೇರುತ್ತದೆ. ಹೊಸ ಕಾರನ್ನೇ ಕೊಳ್ಳುವವರು 2023ರಲ್ಲಿ ಶುರುವಾದ, ಕಾರನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ಫಲ ನೋಡಿ. ದೊಡ್ಡವರ ಸ್ಟಾರ್ ಬೇರೆ, ಮಕ್ಕಳ ಸ್ಟಾರ್ ಬೇರೆ. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ಯಾವುದು ಹೆಚ್ಚಿದೆಯೋ ಅದನ್ನು.

ಹಿಂದಕ್ಕೆ ಮುಖ: ಎಷ್ಟು ದಿನ ಸಾಧ್ಯವೋ ಅಷ್ಟು ದಿನ

ಹಸುಗೂಸಿನ ದೇಹದ ಉದ್ದದಲ್ಲಿ ಕಾಲು ಭಾಗ ತಲೆಯೇ. ಅದನ್ನು ಹೊತ್ತ ಕತ್ತಿನ ಎಲುಬುಗಳು ಇನ್ನೂ ಪೂರ್ತಿ ಕೂಡಿರುವುದಿಲ್ಲ, ನಡುವೆ ಮೃದ್ವಸ್ಥಿ. ಮುಂದಕ್ಕೆ ಮುಖ ಮಾಡಿ ಕೂತ ಕೂಸಿನ ಕಾರು ಗುದ್ದಿ ನಿಂತರೆ ಪಟ್ಟಿಗಳು ಎದೆಯನ್ನು ಹಿಡಿಯುತ್ತವೆ, ತಲೆ ಮುಂದಕ್ಕೆ ಎಗರುತ್ತದೆ, ಇಡೀ ಎಳೆತ ಕತ್ತಿನ ಮೇಲೆ. ಹಿಂದಕ್ಕೆ ಮುಖ ಮಾಡಿದ್ದರೆ ಅದೇ ಪೆಟ್ಟು ಬೆನ್ನು, ಕತ್ತು, ತಲೆ ಮೂರಕ್ಕೂ ಹಂಚಿಹೋಗಿ ಸೀಟಿನ ಚಿಪ್ಪಿಗೆ ಇಳಿಯುತ್ತದೆ. 1964ರಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಇಂಥ ಸೀಟಿನ ಮೊದಲ ಮಾದರಿಯನ್ನು ಪರೀಕ್ಷಿಸಿದರು. ಅವರಿಗೆ ಹೊಳಹು ಕೊಟ್ಟದ್ದು ಬೆನ್ನ ಮೇಲೆ ಮಲಗಿ ಆಕಾಶಕ್ಕೆ ಏರುವ ಗಗನಯಾತ್ರಿಗಳ ಭಂಗಿ. ಆ ದೇಶದಲ್ಲಿ ನಾಲ್ಕು ವರ್ಷದವರೆಗೂ ಮಕ್ಕಳನ್ನು ಹೀಗೇ ಕೂರಿಸುವುದು ವಾಡಿಕೆ.

ಇಲ್ಲಿನ ವಾಡಿಕೆ ಬೇರೆ. ಒಂದು ವರ್ಷದ ಹುಟ್ಟುಹಬ್ಬ ಆಯಿತು, ಒಂಬತ್ತು ಕಿಲೋ ದಾಟಿತು, ತಿರುಗಿಸಿಬಿಟ್ಟರು. ಚೀಟಿಯಲ್ಲಿ 9 ಕಿಲೋ ಎಂದು ಬರೆದಿರುವುದು ಕನಿಷ್ಠ ಮಿತಿ, ಆ ದಿನ ತಿರುಗಿಸಲೇಬೇಕೆಂಬ ಆಜ್ಞೆಯಲ್ಲ. ಆರ್129 ನಿಯಮ 15 ತಿಂಗಳಿಗಿಂತ ಮುಂಚೆ ತಿರುಗಿಸಲು ಬಿಡುವುದೇ ಇಲ್ಲ. ಸೀಟು 13 ಕಿಲೋವರೆಗೆ ಹಿಂದಕ್ಕೆ ಮುಖ ಮಾಡಲು ಬಿಟ್ಟರೆ 13 ಕಿಲೋವರೆಗೂ ಹಾಗೇ ಇರಲಿ, ನಮ್ಮ ಮಕ್ಕಳಿಗೆ ಅದು ಎರಡು, ಎರಡೂವರೆ ವರ್ಷ. 18 ಕಿಲೋವರೆಗೆ ಬಿಡುವ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು.

‘ಕಾಲು ಮಡಚಿಕೊಂಡು ಕೂರಬೇಕು, ಪಾಪ’ ಎನ್ನುವವರಿದ್ದಾರೆ. ಮಕ್ಕಳು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಗಂಟೆಗಟ್ಟಲೆ ಕೂರುತ್ತಾರೆ, ಇಲ್ಲೂ ಹಾಗೇ. ಈ ಹಂತ ಮುಗಿಯಿತು ಅನ್ನಲು ಕಾಲಿನ ಉದ್ದ ಲೆಕ್ಕವಲ್ಲ. ತಲೆಯ ನೆತ್ತಿ ಸೀಟಿನ ಚಿಪ್ಪಿನ ಮೇಲಂಚಿಗೆ ಎರಡೂವರೆ ಸೆಂಟಿಮೀಟರಿನಷ್ಟು ಹತ್ತಿರ ಬಂದಾಗ, ಅಥವಾ ತೂಕ ಮಿತಿ ಮುಟ್ಟಿದಾಗ, ಎರಡರಲ್ಲಿ ಯಾವುದು ಮೊದಲೋ ಆಗ ಮುಗಿಯಿತು.

ಆಸ್ಪತ್ರೆಯಿಂದ ಮನೆಗೆ ತರುವ ಮೊದಲ ಪಯಣಕ್ಕೇ ಸೀಟು ಇರಬೇಕು. ಬಾಣಂತನಕ್ಕೆ ತವರಿಗೆ ಹೋಗುವವರು ಗಂಡನ ಮನೆಯ ಕಾರಿನ ಜೊತೆ ತವರಿನ ಕಾರಿನಲ್ಲೂ ಒಮ್ಮೆ ಕಟ್ಟಿ ನೋಡಿಕೊಳ್ಳಿ. ಹಸುಗೂಸಿಗೆ ಸೀಟು ಸುಮಾರು 45 ಡಿಗ್ರಿ ಒರಗಿರಬೇಕು. ನೆಟ್ಟಗೆ ಇದ್ದರೆ ಗಲ್ಲ ಎದೆಗೆ ತಾಗಿ ಉಸಿರ ದಾರಿ ಕಟ್ಟಿಕೊಳ್ಳುತ್ತದೆ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆ ಇರುವ ಕೂಸುಗಳಿಗೆ ಈ ಅಪಾಯ ಹೆಚ್ಚು, ಅವರನ್ನು ಕರೆದೊಯ್ಯುವ ಮುಂಚೆ ಮಕ್ಕಳ ವೈದ್ಯರನ್ನು ಕೇಳಿ. ಮೊದಲ ತಿಂಗಳುಗಳಲ್ಲಿ ಅರ್ಧ ಗಂಟೆಗಿಂತ ಉದ್ದದ ಪಯಣ ಬೇಡ. ಹೋಗಲೇಬೇಕಾದರೆ ನಡುವೆ ನಿಲ್ಲಿಸಿ ಎತ್ತಿಕೊಳ್ಳಿ, ಹಿಂದಿನ ಸೀಟಿನಲ್ಲಿ ದೊಡ್ಡವರೊಬ್ಬರು ಕೂಸನ್ನು ನೋಡುತ್ತ ಕೂರಲಿ. ಮನೆ ತಲುಪಿದ ಮೇಲೆ ನಿದ್ದೆ ಕೆಡುತ್ತದೆಂದು ಸೀಟಿನಲ್ಲೇ ಬಿಡಬೇಡಿ, ತೊಟ್ಟಿಲಿಗೋ ಹಾಸಿಗೆಗೋ ಹಾಕಿ.

ಸಾಸಿವೆ ದಿಂಬು, ರಾಗಿ ದಿಂಬು ಮನೆಯಲ್ಲೇ ಇರಲಿ. ಸೀಟಿನ ಜೊತೆ ಬಂದ ಮೆತ್ತೆ ಬಿಟ್ಟು ಬೇರೆ ಏನನ್ನೂ ಮಗುವಿನ ಬೆನ್ನ ಹಿಂದೆ, ತಲೆಯ ಹಿಂದೆ ಇಡಬಾರದು. ಆ ಮೆತ್ತೆಯನ್ನೂ ಕೈಪಿಡಿ ಹೇಳಿದ ತೂಕ ಬಂದ ಕೂಡಲೇ ತೆಗೆಯಬೇಕು.

ಸೀಟನ್ನು ಕಾರಿಗೆ ಬಿಗಿಯುವುದು

ಇದನ್ನು ಹೊರಡುವ ಬೆಳಗ್ಗೆ ಮಾಡಬೇಡಿ. ಹಿಂದಿನ ದಿನ, ನೆರಳಿನಲ್ಲಿ, ಮಗು ಪಕ್ಕದಲ್ಲಿಲ್ಲದಾಗ ಮಾಡಿ. ಎರಡು ಕೈಪಿಡಿ ಬೇಕು, ಸೀಟಿನದೊಂದು, ಕಾರಿನದೊಂದು.

ಬೆಲ್ಟಿನಿಂದ ಕಟ್ಟುವುದಾದರೆ:

1. ಕಾರಿನ ಸೀಟಿನ ಮೇಲಿನ ಟವೆಲ್, ದಪ್ಪ ಕವರು, ಮಣಿ ಮ್ಯಾಟು ಎಲ್ಲ ತೆಗೆಯಿರಿ. ಮಕ್ಕಳ ಸೀಟು ಜಾರದ ಹಾಗೆ ಬಿಗಿಯಾಗಿ ಕೂರಬೇಕು.
2. ಬೆಲ್ಟ್ ಹಾಯುವ ದಾರಿ ಹುಡುಕಿ. ಹಿಂದಕ್ಕೆ ಮುಖ ಮಾಡುವಾಗಿನ ದಾರಿಗೆ ನೀಲಿ, ಮುಂದಕ್ಕೆ ಮುಖ ಮಾಡುವಾಗಿನದಕ್ಕೆ ಕೆಂಪು ಗುರುತು. ಅರ್ಧಕ್ಕರ್ಧ ತಪ್ಪು ಇಲ್ಲೇ ಆಗುತ್ತದೆ: ಮಗುವನ್ನು ತಿರುಗಿಸಿದವರು ಬೆಲ್ಟನ್ನು ಹಳೆಯ ದಾರಿಯಲ್ಲೇ ಬಿಟ್ಟಿರುತ್ತಾರೆ.
3. ಬೆಲ್ಟನ್ನು ತಿರುಚದೆ ಹಾಯಿಸಿ ಬಕಲ್ ಹಾಕಿ, ಟಕ್ ಎಂಬ ಶಬ್ದ ಕೇಳಬೇಕು.
4. ಒಂದು ಮಂಡಿಯನ್ನು ಸೀಟಿನೊಳಗೆ ಊರಿ ಮೈಭಾರ ಪೂರ್ತಿ ಬಿಡಿ. ಅದೇ ಹೊತ್ತಿಗೆ ಮೊದಲು ಸೊಂಟದ ಭಾಗ, ಆಮೇಲೆ ಭುಜದ ಭಾಗ ಎಳೆದು ಸಡಿಲ ತೆಗೆಯಿರಿ.
5. ಸೀಟಿನಲ್ಲಿ ಬೆಲ್ಟ್ ಕಚ್ಚುವ ಕ್ಲಿಪ್ ಇದ್ದರೆ ಮುಚ್ಚಿ. ನಮ್ಮ ಕಾರುಗಳ ಬೆಲ್ಟ್ ಜೋರಾಗಿ ಎಳೆದಾಗ ಮಾತ್ರ ಹಿಡಿಯುತ್ತದೆ, ಉಳಿದ ಹೊತ್ತು ಸಡಿಲವಾಗುತ್ತಾ ಹೋಗುತ್ತದೆ. ಈ ಕ್ಲಿಪ್ ಅದನ್ನು ತಡೆಯುತ್ತದೆ.
6. ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಕ್ಕಪಕ್ಕ, ಹಿಂದೆಮುಂದೆ ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಿ. ತಲೆಯ ಕಡೆ ಹಿಡಿದು ಅಲ್ಲಾಡಿಸಿದರೆ ಯಾವ ಸೀಟೂ ಅಲ್ಲಾಡುತ್ತದೆ, ಅದು ಲೆಕ್ಕಕ್ಕಿಲ್ಲ.

ಬಕಲ್ಲೇ ಸೀಟಿನ ಅಂಚಿಗೆ ಒತ್ತಿ ಬಾಗಿದಂತೆ ಕೂತರೆ ಆ ಜಾಗ ಸರಿಯಿಲ್ಲ. ಗುದ್ದಿದಾಗ ಬಕಲ್ ಅಲ್ಲಿಯೇ ಮುರಿಯಬಹುದು. ಬೇರೆ ಬದಿಯಲ್ಲಿ ಇಟ್ಟು ನೋಡಿ.

ಐಸೋಫಿಕ್ಸ್ ಆದರೆ ಕೆಲಸ ಚಿಕ್ಕದು. ಎರಡು ಕೊಂಡಿಗಳನ್ನು ಸರಳುಗಳ ಕಡೆ ತಳ್ಳಿ, ಎರಡೂ ಕಡೆ ಟಕ್ ಅನ್ನಬೇಕು, ಎರಡೂ ಕಡೆ ಹಸಿರು ಕಾಣಬೇಕು. ಆದರೆ ಆ ಎರಡು ಕೊಂಡಿ ಹಾಕಿಬಿಟ್ಟರೆ ಮುಗಿಯಲಿಲ್ಲ, ಸೀಟು ಮುಂದಕ್ಕೆ ಮಗುಚದಂತೆ ಮೂರನೆಯ ಆಧಾರ ಬೇಕು. ಕೆಲವಕ್ಕೆ ಕಾರಿನ ನೆಲಕ್ಕೆ ಊರುವ ಕಾಲು ಇರುತ್ತದೆ. ಕೆಳಗಿನ ಮ್ಯಾಟ್ ತೆಗೆದು ನೆಲಕ್ಕೆ ಗಟ್ಟಿಯಾಗಿ ಊರಿ. ನೆಲದ ಕೆಳಗೆ ಸಾಮಾನು ಇಡುವ ಗೂಡು ಇದ್ದರೆ ಅದರ ಮುಚ್ಚಳದ ಮೇಲೆ ಊರಬೇಡಿ. ಇನ್ನು ಕೆಲವಕ್ಕೆ ಸೀಟಿನ ನೆತ್ತಿಯಿಂದ ಹಿಂದಕ್ಕೆ ಹೋಗುವ ಪಟ್ಟಿ, ಟಾಪ್ ಟೆದರ್. ಅದರ ಕೊಂಡಿ ಕಾರಿನ ಸೀಟಿನ ಬೆನ್ನ ಹಿಂದೆಯೋ ಡಿಕ್ಕಿಯ ನೆಲದಲ್ಲೋ ಇರುತ್ತದೆ. ಲಗೇಜ್ ಕಟ್ಟುವ ಕೊಕ್ಕೆಯನ್ನೇ ಅದೆಂದು ತಿಳಿದು ಹಾಕುವವರು ಬಹಳ. ಕಾರಿನ ಕೈಪಿಡಿಯಲ್ಲಿ ಚಿತ್ರ ನೋಡಿಯೇ ಹಾಕಿ. ಐಸೋಫಿಕ್ಸ್ ಸರಳುಗಳಿಗೆ ಭಾರದ ಮಿತಿಯೂ ಉಂಟು: ಆರ್129 ಲೆಕ್ಕದಲ್ಲಿ ಮಗು ಮತ್ತು ಸೀಟು ಸೇರಿ 33 ಕಿಲೋ.

ಕಟ್ಟಿದ ಮೇಲೆ ಮಗುವಿಲ್ಲದೆ ಒಂದು ಸುತ್ತು ಹೋಗಿ ಬನ್ನಿ. ನಮ್ಮ ಊರುಗಳಲ್ಲಿ ಹಂಪ್ಸಿಗೆ ಬರವಿಲ್ಲ, ನಾಲ್ಕು ಹಂಪ್ಸ್ ಹಾರಿಸಿ ಬಂದು ಮತ್ತೆ ಅಲ್ಲಾಡಿಸಿ ನೋಡಿ.

ಮಗುವನ್ನು ಪಟ್ಟಿಗೆ ಕಟ್ಟುವುದು

ಪ್ರತಿ ಸಲವೂ ಹೊಸದಾಗಿ ಮಾಡಬೇಕಾದ ಕೆಲಸ ಇದೊಂದೇ, ಅದಕ್ಕೇ ಇದರಲ್ಲೇ ಹೆಚ್ಚು ಉದಾಸೀನ. ಪಟ್ಟಿ ಪೂರ್ತಿ ಸಡಿಲಿಸಿ, ಮಗುವಿನ ಕುಂಡೆ ಸೀಟಿನ ಮೂಲೆಗೆ ತಾಗುವಂತೆ ಕೂರಿಸಿ. ಭುಜದ ಪಟ್ಟಿ ಎಲ್ಲಿಂದ ಹೊರಡುತ್ತದೆ ನೋಡಿ. ಹಿಂದಕ್ಕೆ ಮುಖ ಮಾಡಿದ್ದರೆ ಪಟ್ಟಿ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು, ಮುಂದಕ್ಕೆ ಮುಖ ಮಾಡಿದ್ದರೆ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಮೇಲಿನಿಂದ. ಬಕಲ್ ಹಾಕಿ, ಮೊದಲು ಸೊಂಟದ ಹತ್ತಿರದ ಸಡಿಲವನ್ನು ಮೇಲಕ್ಕೆ ಎಳೆದುಕೊಳ್ಳಿ, ಆಮೇಲೆ ಕಾಲ ಬಳಿಯ ಪಟ್ಟಿ ಎಳೆದು ಬಿಗಿ ಮಾಡಿ. ಭುಜದ ಮೇಲಿನ ಪಟ್ಟಿಯನ್ನು ಎರಡು ಬೆರಳಿನಲ್ಲಿ ಉದ್ದಕ್ಕೆ ಚಿವುಟಿ. ಚಿವುಟಲು ಮಡಿಕೆ ಸಿಕ್ಕಿದರೆ ಸಡಿಲ, ಬೆರಳು ಜಾರಿದರೆ ಸರಿ.

ಬಟ್ಟೆಯ ವಿಷಯದಲ್ಲಿ ನಮ್ಮ ಕಡೆಯ ಕೆಲವು ಎಚ್ಚರಗಳಿವೆ. ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡೇ ಸೀಟಿನಲ್ಲಿಟ್ಟರೆ ಕಾಲಿನ ನಡುವಿನ ಪಟ್ಟಿ ಹಾಕಲಾಗದು. ಬಿಚ್ಚಿ ಕೂರಿಸಿ, ಕಟ್ಟಿದ ಮೇಲೆ ಬಟ್ಟೆ ಹೊದಿಸಿ. ಡಿಸೆಂಬರಿನಲ್ಲಿ ನಂದಿಬೆಟ್ಟಕ್ಕೆ ನಸುಕಿನಲ್ಲಿ ಹೊರಡುವವರು ಮಗುವಿಗೆ ಉಬ್ಬಿದ ಜಾಕೆಟ್ ತೊಡಿಸಿಯೇ ಪಟ್ಟಿ ಬಿಗಿಯುತ್ತಾರೆ. ಗುದ್ದಿದಾಗ ಜಾಕೆಟ್ಟಿನೊಳಗಿನ ಗಾಳಿ ಕುಗ್ಗಿ ಪಟ್ಟಿ ಅಷ್ಟೂ ಸಡಿಲವಾಗುತ್ತದೆ. ತೆಳು ಸ್ವೆಟರ್ ಸಾಕು, ಮೇಲೆ ಶಾಲು ಹೊದಿಸಿ. ಮದುವೆಗೆ ಹೊರಟ ಜರಿ ಲಂಗ, ದಪ್ಪ ಕುಲಾವಿ, ಸೊಂಟದ ಬೆಳ್ಳಿ ಉಡಿದಾರ ಇವೆಲ್ಲ ಛತ್ರ ತಲುಪಿದ ಮೇಲೆ. ಉಡಿದಾರದ ಗಂಟು ಬಕಲಿನ ಕೆಳಗೆ ಸಿಕ್ಕಿಕೊಂಡರೆ ಸಣ್ಣ ಬ್ರೇಕಿಗೂ ಹೊಟ್ಟೆಗೆ ಒತ್ತುತ್ತದೆ.

ಮುಂದಕ್ಕೆ ತಿರುಗಿಸಿದ ಮೇಲೆ

ಬೆಲ್ಟಿನ ದಾರಿ ಬದಲಿಸಿ, ಸೀಟನ್ನು ಕೊಂಚ ನೆಟ್ಟಗೆ ಮಾಡಿ, ಭುಜದ ಪಟ್ಟಿಯನ್ನು ಮೇಲಿನ ತೂತಿಗೆ ಏರಿಸಿ, ಟಾಪ್ ಟೆದರ್ ಇದ್ದರೆ ಹಾಕಿ. ಟೆದರ್ ಹಾಕಿದರೆ ಮಗುವಿನ ತಲೆ ಮುಂದಿನ ಸೀಟಿನ ಕಡೆಗೆ ಎಗರುವ ದೂರ ಗಣನೀಯವಾಗಿ ಕಡಿಮೆಯಾಗುತ್ತದೆ. ಐದು ಕಡೆಯ ಈ ಪಟ್ಟಿಯಲ್ಲೂ ಮಿತಿ ಮುಟ್ಟುವವರೆಗೆ, ಅಂದರೆ 18 ಕಿಲೋ ಆಗುವವರೆಗೆ ಅಥವಾ ಭುಜ ಮೇಲಿನ ತೂತನ್ನು ದಾಟುವವರೆಗೆ ಕೂರಿಸಿ. ನಮ್ಮ ಮಕ್ಕಳಲ್ಲಿ ಅದು ಸುಮಾರು ಐದು ವರ್ಷ.

ಬೂಸ್ಟರ್: ಎಲ್ಲರೂ ಹಾರಿಸಿಬಿಡುವ ಹಂತ

ಯುಕೆಜಿ ಮುಗಿಯಿತು, ಸೀಟು ಚಿಕ್ಕದಾಯಿತು, ಇನ್ನು ಬೆಲ್ಟ್ ಸಾಕು. ಇದೇ ನಾನು ಅತಿ ಹೆಚ್ಚು ಕಾಣುವ ತಪ್ಪು, ಓದಿಕೊಂಡವರ ಮನೆಯಲ್ಲೂ. ಕಾರಿನ ಬೆಲ್ಟ್ ದೊಡ್ಡವರ ಮೈಗೆ ಮಾಡಿದ್ದು. ಆರು ವರ್ಷದವಳ ಸೊಂಟದ ಎಲುಬು ಬೆಲ್ಟನ್ನು ಕೆಳಗೆ ಹಿಡಿದಿಡುವಷ್ಟು ಬೆಳೆದಿರುವುದಿಲ್ಲ, ಬೆಲ್ಟ್ ಹೊಟ್ಟೆಗೆ ಏರುತ್ತದೆ. ಕಾಲು ಬಗ್ಗಲಿ ಎಂದು ಮಗು ಮುಂದಕ್ಕೆ ಜಾರಿ ಕೂರುತ್ತದೆ, ಆಗ ಇನ್ನೂ ಏರುತ್ತದೆ. ಗುದ್ದಿದರೆ ಪೆಟ್ಟು ಕರುಳಿಗೆ, ಬೆನ್ನುಹುರಿಗೆ. ಭುಜದ ಪಟ್ಟಿ ಕುತ್ತಿಗೆಗೆ ಉಜ್ಜುತ್ತದೆಂದು ಮಗು ಅದನ್ನು ಕಂಕುಳ ಕೆಳಗೋ ಬೆನ್ನ ಹಿಂದಕ್ಕೋ ಹಾಕಿಕೊಳ್ಳುತ್ತದೆ. ಆಗ ಮೈಯ ಮೇಲ್ಭಾಗವನ್ನು ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಬೂಸ್ಟರ್ ಮಗುವನ್ನು ಎತ್ತಿ ಕೂರಿಸಿ ಬೆಲ್ಟನ್ನು ಸರಿಯಾದ ಜಾಗಕ್ಕೆ ತರುತ್ತದೆ, ಅಷ್ಟೇ ಅದರ ಕೆಲಸ. ಬೆನ್ನು ಮತ್ತು ತಲೆಗೆ ಆಸರೆ ಇರುವುದನ್ನೇ ಕೊಳ್ಳಿ. ನಿದ್ದೆ ಹೋದ ಮಗು ಪಕ್ಕಕ್ಕೆ ವಾಲುವುದಿಲ್ಲ, ಬೆಲ್ಟಿಗೆ ದಾರಿ ತೋರಿಸುವ ಕೊಕ್ಕೆಯೂ ಇರುತ್ತದೆ. ಮನೆಯ ದಿಂಬು, ಮಡಿಚಿದ ಕಂಬಳಿ ಬೂಸ್ಟರ್ ಆಗುವುದಿಲ್ಲ, ಅವು ಗುದ್ದಿದಾಗ ಕುಗ್ಗಿ ಮಗುವನ್ನು ಬೆಲ್ಟಿನ ಕೆಳಗೆ ಜಾರಿಸುತ್ತವೆ. ಬರೀ ಸೊಂಟದ ಬೆಲ್ಟ್ ಇರುವ ಜಾಗದಲ್ಲಿ ಬೂಸ್ಟರ್ ಇಡಬಾರದು.

ಬೂಸ್ಟರ್ ಬಿಡುವುದು ಯಾವಾಗ? ಸುಮಾರು 145 ಸೆಂಟಿಮೀಟರ್, ಅಂದರೆ ನಾಲ್ಕು ಅಡಿ ಒಂಬತ್ತು ಇಂಚು. ನಮ್ಮ ಮಕ್ಕಳು ಅಲ್ಲಿಗೆ ಬರುವುದು ಹನ್ನೊಂದರ ಸುಮಾರಿಗೆ. ಕಾರಿನ ಸೀಟುಗಳು ಬೇರೆ ಬೇರೆ ಆಳದವು, ಹಾಗಾಗಿ ಅಂಕಿಯ ಜೊತೆ ಮಗುವನ್ನು ನಿಮ್ಮ ಕಾರಿನಲ್ಲೇ ಕೂರಿಸಿ ಪರೀಕ್ಷಿಸಿ. ಬೆನ್ನು ಪೂರ್ತಿ ಹಿಂದಕ್ಕೆ ಒರಗಿದಾಗ ಮಂಡಿ ಸೀಟಿನ ಅಂಚಿನಲ್ಲಿ ಬಗ್ಗುತ್ತದೆಯೇ? ಕೆಳಗಿನ ಬೆಲ್ಟ್ ಹೊಟ್ಟೆಯ ಮೇಲಲ್ಲದೆ ತೊಡೆಯ ಬುಡದಲ್ಲಿ ಕೂರುತ್ತದೆಯೇ? ಮೇಲಿನ ಬೆಲ್ಟ್ ಕುತ್ತಿಗೆ ಮತ್ತು ತೋಳಿನ ನಡುವೆ, ಭುಜದ ಮಧ್ಯದಲ್ಲಿ ಹಾಯುತ್ತದೆಯೇ? ಹೀಗೆಯೇ ಚಿಂತಾಮಣಿಯಿಂದ ಬೆಂಗಳೂರಿನವರೆಗೆ ಕೂರಬಲ್ಲಳೇ? ಒಂದಕ್ಕೆ ಇಲ್ಲ ಎಂದರೂ ಬೂಸ್ಟರ್ ಮುಂದುವರಿಯಲಿ. ಐದನೇ ಕ್ಲಾಸಿನವಳಿಗೆ ಸ್ನೇಹಿತೆಯರ ಮುಂದೆ ನಾಚಿಕೆಯಾಗುತ್ತದೆ, ನಿಜ. ಕಿಟಕಿಯ ಆಚೆ ಚೆನ್ನಾಗಿ ಕಾಣುತ್ತದೆ ಎಂಬ ಲಾಭ ತೋರಿಸಿ ನೋಡಿ, ಕೆಲವರು ಒಪ್ಪುತ್ತಾರೆ.

ಅಳು, ಅಜ್ಜಿ, ಮತ್ತು ಏಳು ಸೀಟಿನಲ್ಲಿ ಹತ್ತು ಜನ

ನಿಯಮ ಗೊತ್ತಿಲ್ಲದೆ ಸೀಟು ಮೂಲೆಗೆ ಬೀಳುವುದು ಕಡಿಮೆ. ಮಗು ಅತ್ತಾಗ ಬೀಳುತ್ತದೆ. ‘ಕೊಡೋ ಇಲ್ಲಿ, ಗಂಟಲು ಹರಿಯೋ ಹಂಗೆ ಅಳ್ತಾ ಇದೆ, ಐದು ನಿಮಿಷ ಎತ್ತಿಕೊಂಡ್ರೆ ಏನಾಗುತ್ತೆ’ ಅಂತ ಹಿಂದಿನಿಂದ ಬರುವ ದನಿಗೆ ಎದುರು ಹೇಳುವುದು ಸೊಸೆಗಂತೂ ಕಷ್ಟ. ವಾದ ಮಾಡಬೇಡಿ. ಅಜ್ಜಿಗೆ ಕೆಲಸ ಕೊಡಿ: ‘ಅತ್ತೆ, ನೀವು ಅವನ ಪಕ್ಕದಲ್ಲೇ ಕೂತ್ಕೊಳ್ಳಿ, ನಿಮ್ಮ ಕೈ ಹಿಡ್ಕೊಂಡ್ರೆ ಸುಮ್ಮನಾಗ್ತಾನೆ. ಜಾಸ್ತಿ ಅತ್ರೆ ಗಾಡಿ ನಿಲ್ಲಿಸೋಣ.’ ಹೇಳಿದಂತೆ ನಿಲ್ಲಿಸಿ. ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು, ಎತ್ತಿ ಆಡಿಸುವುದು ಎಲ್ಲ ಪೆಟ್ರೋಲ್ ಬಂಕಿನಲ್ಲೋ ಹೋಟೆಲ್ ಮುಂದೆಯೋ ನಿಂತ ಗಾಡಿಯಲ್ಲಿ. ಓಡುವ ಕಾರಿನಲ್ಲಿ ಹಾಲು ಕುಡಿಸಲು ಬಿಚ್ಚುವ ಐದು ನಿಮಿಷಕ್ಕೆ ಅಪಘಾತ ಕಾಯುವುದಿಲ್ಲ.

ಹೊಸ ಸೀಟನ್ನು ಒಂದೆರಡು ದಿನ ಹಜಾರದಲ್ಲಿಟ್ಟು ಅದರಲ್ಲಿ ಆಡಲು ಬಿಟ್ಟರೆ ಪರಿಚಯವಾಗುತ್ತದೆ. ಮೊದಲ ಪಯಣ ಅಂಗಡಿ ಬೀದಿಯವರೆಗೆ ಇರಲಿ, ತಿರುಪತಿಯವರೆಗೆ ಬೇಡ. ಒಂದು ಸಲ ಅತ್ತಿದ್ದಕ್ಕೆ ಬಿಚ್ಚಿದರೆ ಮುಂದಿನ ಸಲ ಎರಡರಷ್ಟು ಅಳುತ್ತದೆ, ಮಕ್ಕಳು ಜಾಣರು.

ಜಾತ್ರೆ, ಗೃಹಪ್ರವೇಶ ಎಂದರೆ ಏಳು ಸೀಟಿನ ಗಾಡಿಯಲ್ಲಿ ಹತ್ತು ಜನ ಹತ್ತುವುದು ಮಾಮೂಲು, ಮೊದಲು ಇಳಿಯುವುದು ಮಗುವಿನ ಸೀಟು. ಇದಕ್ಕೆ ನಯವಾದ ಉಪಾಯ ನನ್ನಲ್ಲಿಲ್ಲ. ಎರಡು ಗಾಡಿ ಮಾಡಿ, ಇಲ್ಲವೇ ಇಬ್ಬರು ಬಸ್ಸಿನಲ್ಲಿ ಬರಲಿ. ಮಗುವಿನ ಪಕ್ಕದವರೂ ಬೆಲ್ಟ್ ಹಾಕಬೇಕು, ಅರವತ್ತು ಕಿಲೋದ ದೊಡ್ಡವರು ಎಗರಿ ಬಿದ್ದರೆ ಎಂಥ ಸೀಟೂ ಮಗುವನ್ನು ಕಾಯದು. ಹಿಂದಿನ ಗಾಜಿನ ಬಳಿ ಇಟ್ಟ ತೆಂಗಿನಕಾಯಿ, ಶ್ರೀನಿವಾಸಪುರದಿಂದ ತಂದ ಮಾವಿನ ಡಬ್ಬ, ನೀರಿನ ಕ್ಯಾನು ಎಲ್ಲ ಡಿಕ್ಕಿಗೆ. ಸನ್‌ರೂಫಿನಿಂದ ಮಗುವಿನ ತಲೆ ಹೊರಗೆ ಹಾಕಿಸುವವರಿಗೆ ಇಷ್ಟು ಹೊತ್ತು ಹೇಳಿದ್ದೇನೂ ಅನ್ವಯಿಸದು, ಅವರು ಮೊದಲು ಗಾಜು ಮುಚ್ಚಲಿ.

ಕಾರಿಲ್ಲದ ದಿನ ಬೈಕು. 9 ತಿಂಗಳಿಂದ 4 ವರ್ಷದ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಸವಾರನಿಗೆ ಕಟ್ಟುವ ಸುರಕ್ಷತಾ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್, 40 ಕಿಲೋಮೀಟರ್ ಮೀರದ ವೇಗ, ಈ ಮೂರೂ 2023ರ ಫೆಬ್ರವರಿಯಿಂದ ಕಡ್ಡಾಯ.

ಬಿಸಿಲು, ರಾಗಿಸರಿ ಮತ್ತು ಹಳೆಯ ಸೀಟು

ಏಪ್ರಿಲ್ ಮಧ್ಯಾಹ್ನ ಕೋಲಾರದ ಬಯಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಶಾಖ ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ನಿದ್ದೆ ಮಾಡುತ್ತಿದೆ ಎಂದು ಮಗುವನ್ನು ಬಿಟ್ಟು ತರಕಾರಿಗೆ ಹೋಗುವುದು ಬೇಡವೇ ಬೇಡ. ಕಾರು ನಿಲ್ಲಿಸುವಾಗ ಸೀಟಿನ ಮೇಲೆ ಬಿಳಿ ಪಂಚೆ ಹೊದಿಸಿಡಿ, ಬಕಲಿನ ಲೋಹ ತೊಡೆಗೆ ಚುರ್ ಅನ್ನುವುದು ತಪ್ಪುತ್ತದೆ. ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ಹಾಕಿಯೇ ಇರಲಿ.

ರಾಗಿಸರಿ, ಬಿಸ್ಕತ್ತಿನ ಪುಡಿ ಬಕಲಿನ ಬಾಯಿಗೆ ಹೋಗಿ ಗಟ್ಟಿಯಾದರೆ ಟಕ್ ಶಬ್ದ ಬಂದಂತೆ ಕೇಳಿಸಿ ಪೂರ್ತಿ ಕಚ್ಚಿರುವುದಿಲ್ಲ. ಆಗಾಗ ಎಳೆದು ನೋಡಿ. ಪಟ್ಟಿಗಳನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ, ಸೋಪಿನ ಪುಡಿಯಲ್ಲಿ ನೆನೆಸಬೇಡಿ, ನೂಲಿನ ಬಲ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ. ಬಟ್ಟೆಯ ಕವರನ್ನು ಮಾತ್ರ ಕೈಪಿಡಿ ನೋಡಿ ಒಗೆಯಬಹುದು.

ಅಕ್ಕನ ಮಗನ ಸೀಟು ತಂಗಿಯ ಮಗಳಿಗೆ ಬರುವುದು ಒಳ್ಳೆಯದೇ, ಅದರ ಚರಿತ್ರೆ ನಿಮಗೆ ಗೊತ್ತಿರುತ್ತದೆ. ಅಪಘಾತ ಕಂಡಿಲ್ಲ, ಚೀಟಿ ಇದೆ, ಎಲ್ಲ ಭಾಗಗಳಿವೆ, ತಯಾರಿಸಿದ ಕಂಪನಿ ಹೇಳಿದ ಅವಧಿ ಮುಗಿದಿಲ್ಲ ಎಂದಾದರೆ ಬಳಸಿ. ಗುರುತಿಲ್ಲದವರಿಂದ ಆನ್‌ಲೈನಿನಲ್ಲಿ ಹಳೆಯದು ಕೊಳ್ಳಬೇಡಿ, ಚಿಪ್ಪಿನೊಳಗಿನ ಬಿರುಕು ಬಟ್ಟೆ ಮುಚ್ಚಿದಾಗ ಕಾಣುವುದಿಲ್ಲ. ಜೋರಾಗಿ ಗುದ್ದಿದ ಕಾರಿನಲ್ಲಿದ್ದ ಸೀಟು, ಮಗು ಕೂತಿರದಿದ್ದರೂ, ನೋಡಲು ಹೊಸದರಂತಿದ್ದರೂ, ಇನ್ನು ಬಳಕೆಗಿಲ್ಲ. ಅದನ್ನು ಹಾಗೇ ಗುಜರಿಗೆ ಹಾಕಿದರೆ ಯಾರೋ ಒರೆಸಿ ಇನ್ನೊಂದು ಮನೆಗೆ ಮಾರುತ್ತಾರೆ. ಮೊದಲು ಕತ್ತರಿಯಲ್ಲಿ ಪಟ್ಟಿಗಳನ್ನೆಲ್ಲ ತುಂಡು ಮಾಡಿ, ಚಿಪ್ಪಿನ ಮೇಲೆ ಮಾರ್ಕರಿನಲ್ಲಿ ‘ಅಪಘಾತವಾದ ಸೀಟು, ಬಳಸಬೇಡಿ’ ಎಂದು ಬರೆದು, ಆಮೇಲೆ ಹಾಕಿ.